ಶೇ.1 ಮೀಸಲಾತಿ: ತೃತೀಯ ಲಿಂಗಿಗಳಿಗೆ ಸಿಕ್ಕಿದ್ದು ಹೇಗೆ? ಏನಿದೆ ಇದರಲ್ಲಿ?

ಅಂಗಡಿ ಮುಂದೆ ಬಂದು ಕಾಸು ಕೇಳುವ ಮಂಗಳಮುಖಿಯರಿಗೆ 'ದುಡಿದು ತಿನ್ನಬಾರದಾ?' ಅಂತ ನಾವು ಸುಲಭವಾಗಿ ಕೇಳಿಬಿಡ್ತೀವಿ. ಆದರೆ 2020ರಲ್ಲಿ ರಾಜ್ಯ ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಗೆ ಅರ್ಜಿ ಕರೆದಾಗ ಗಂಡು, ಹೆಣ್ಣು ಎರಡೇ ಕಾಲಂ ಇತ್ತು. ಅರ್ಜಿ ಹಾಕೋಕೂ ಅವರಿಗೆ ದಾರಿ ಇರಲಿಲ್ಲ.

ಬೆಂಗಳೂರಿನ 'ಸಂಗಮ' ಸಂಸ್ಥೆ ಇದನ್ನು ಹೈಕೋರ್ಟ್‌ನಲ್ಲಿ ಪ್ರಶ್ನಿಸಿತು. ತೃತೀಯ ಲಿಂಗಿಗಳಿಗೆ ಮೀಸಲಾತಿ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿತ್ತು. ಕೊನೆಗೆ 2021ರ ಜುಲೈನಲ್ಲಿ ಸರ್ಕಾರ ನೇಮಕಾತಿ ನಿಯಮಕ್ಕೆ ತಿದ್ದುಪಡಿ ತಂದು ಶೇ.1 ಮೀಸಲಾತಿ ಕೊಟ್ಟಿತು. ದೇಶದಲ್ಲೇ ಇದು ಮೊದಲು.

ಲೆಕ್ಕ ಹೇಗೆ? ಇದು ಸಮತಲ ಮೀಸಲಾತಿ. ಅಂದರೆ ಸಾಮಾನ್ಯ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಹೀಗೆ ಪ್ರತಿ ವರ್ಗದ ಒಳಗೇ ಶೇ.1. ಅರ್ಹರು ಸಿಗದಿದ್ದರೆ ಆ ಹುದ್ದೆ ಅದೇ ವರ್ಗದ ಪುರುಷ ಅಥವಾ ಮಹಿಳೆಗೆ ಹೋಗುತ್ತೆ. ಹಾಗಾಗಿ ಬೇರೆ ಜಾತಿಯವರ ಪಾಲು ಕಿತ್ತುಕೊಂಡಂತಾಗಲ್ಲ.

ಖಾಸಗಿ ಕೆಲಸಕ್ಕೆ? ಈ ಮೀಸಲಾತಿ ಸರ್ಕಾರಿ ಹುದ್ದೆಗಳಿಗೆ ಮಾತ್ರ. ಆದರೆ 2019ರ ತೃತೀಯ ಲಿಂಗಿಗಳ ಹಕ್ಕು ರಕ್ಷಣಾ ಕಾಯ್ದೆ ಪ್ರಕಾರ ಕೆಲಸ, ಬಾಡಿಗೆ ಮನೆ, ಚಿಕಿತ್ಸೆ ಯಾವುದರಲ್ಲೂ ತಾರತಮ್ಯ ಮಾಡುವಂತಿಲ್ಲ.

ಪರೀಕ್ಷೆ ಬರೆಯೋಕೆ ಮೊದಲು ಓದಿರಬೇಕಲ್ಲ. ಮನೆಯಿಂದ ಹೊರಹಾಕಿದ, ಗೇಲಿ ತಾಳಲಾರದೆ ಶಾಲೆ ಬಿಟ್ಟ ಮಕ್ಕಳಿಗೆ ಈ ಶೇ.1 ದೂರದ ಮಾತೇ. ಆ ದೂರ ಕಡಿಮೆ ಮಾಡೋದು ಕೋರ್ಟ್ ಕೈಲಿಲ್ಲ, ನಮ್ಮೂರಿನ ಮನೆ, ಶಾಲೆ, ಅಂಗಡಿಗಳ ಕೈಲಿದೆ.