ಅಂಚಿನ ಕ್ಷೋಭೆಯನ್ನು ಲೆಕ್ಕಕ್ಕೆ ತಂದ ಬಗೆ

ಸಮ್ಮಿಲನ ಯಂತ್ರದಲ್ಲಿ ಪ್ಲಾಸ್ಮಾದ ಹೊರಅಂಚಿನ ಕೆಲವೇ ಸೆಂಟಿಮೀಟರ್ ಪದರಕ್ಕೆ ಎಷ್ಟು ಮಹತ್ವವಿದೆ ಎಂಬುದು 1982ರಲ್ಲಿ ಬಯಲಾಯಿತು. ಜರ್ಮನಿಯ ಗಾರ್ಖಿಂಗ್‌ನಲ್ಲಿದ್ದ ಆಸ್ಡೆಕ್ಸ್ ಎಂಬ, ಪ್ಲಾಸ್ಮಾವನ್ನು ಕಾಂತಕ್ಷೇತ್ರದಿಂದ ಹಿಡಿದಿಡುವ ಉಂಗುರಾಕಾರದ ಯಂತ್ರವಾದ ಟೋಕಮಾಕ್‌ನಲ್ಲಿ ಫ್ರಿಟ್ಜ್ ವಾಗ್ನರ್ ಮತ್ತು ಸಂಗಡಿಗರು ಪ್ಲಾಸ್ಮಾವನ್ನು ಕಾಯಿಸುವ ಶಕ್ತಿಯನ್ನು ಹೆಚ್ಚಿಸುತ್ತ ಹೋದಾಗ, ಒಂದು ಮಿತಿ ದಾಟಿದೊಡನೆ ಅದು ಶಾಖವನ್ನು ಹಿಡಿದಿಟ್ಟುಕೊಳ್ಳುವ ಅವಧಿ ಸುಮಾರು ಇಮ್ಮಡಿಯಾಯಿತು. ಅಂಚಿನಲ್ಲಿ ಕುದಿಯುತ್ತಿದ್ದ ಕ್ಷೋಭೆ ಹಠಾತ್ತನೆ ತಗ್ಗಿ, ಶಾಖ ಸೋರದಂತೆ ಅಲ್ಲೊಂದು ತಡೆ ಎದ್ದಿತ್ತು. ಎಚ್-ಮೋಡ್ ಎಂದು ಹೆಸರಾದ ಈ ಸ್ಥಿತಿಯನ್ನೇ ನಂಬಿ ಮುಂದೆ ಫ್ರಾನ್ಸಿನ ಐಟರ್ ಯಂತ್ರದ ವಿನ್ಯಾಸ ರೂಪುಗೊಂಡಿತು. ಎಚ್-ಮೋಡ್ ಏಕೆ ಉಂಟಾಗುತ್ತದೆಂದು ಮೂಲ ಸಮೀಕರಣಗಳಿಂದ ತೋರಿಸಲು ಮಾತ್ರ ಇನ್ನೂ ಮೂವತ್ತೈದು ವರ್ಷ ಬೇಕಾದವು.

ಲೆಕ್ಕದ ಸಾಧನಗಳು ಆಗಲೇ ಒಂದೊಂದಾಗಿ ಸಿದ್ಧವಾಗುತ್ತಿದ್ದವು. ಪ್ಲಾಸ್ಮಾವನ್ನು ಎಲೆಕ್ಟ್ರಾನ್ ಮತ್ತು ಅಯಾನುಗಳ ಎರಡು ದ್ರವಗಳೆಂದು ಎಣಿಸುವ ಸಮೀಕರಣಗಳನ್ನು ರಷ್ಯಾದ ಬ್ರಾಗಿನ್‌ಸ್ಕಿ 1965ರಲ್ಲಿ ವಿಸ್ತಾರವಾಗಿ ಪ್ರಕಟಿಸಿದ್ದರು. 1983ರಲ್ಲಿ ಹಸೆಗಾವಾ ಮತ್ತು ವಕಾತಾನಿ ಅಂಚಿನ ಕ್ಷೋಭೆಗೆಂದೇ ಒಂದು ಸರಳ ಮಾದರಿ ಕೊಟ್ಟರು. ಇನ್ನೊಂದು ದಾರಿ ಕಣಗಳನ್ನೇ ಹಿಂಬಾಲಿಸುವುದು. ಅಯಾನು ಕಾಂತರೇಖೆಯ ಸುತ್ತ ಅತಿವೇಗವಾಗಿ ಗಿರಕಿ ಹೊಡೆಯುತ್ತದೆ. ಒಂದೊಂದು ಸುತ್ತನ್ನೂ ಎಣಿಸಹೊರಟರೆ ಯಾವ ಗಣಕವೂ ಸಾಲದು. ಆ ಸುತ್ತಿನ ಸರಾಸರಿ ತೆಗೆದು, ನಿಧಾನವಾದ ಚಲನೆಯನ್ನಷ್ಟೇ ಉಳಿಸಿಕೊಳ್ಳುವ ಗೈರೋಕೈನೆಟಿಕ್ ವಿಧಾನವನ್ನು 1980ರ ದಶಕದ ಆರಂಭದಲ್ಲಿ ಪ್ರಿನ್ಸ್‌ಟನ್‌ನ ವಿಜ್ಞಾನಿಗಳು ಗಣಕಕ್ಕೆ ಇಳಿಸಿದರು.

ಈ ವಿಧಾನ ಮೊದಲು ಗೆದ್ದದ್ದು ಪ್ಲಾಸ್ಮಾದ ಒಡಲಿನಲ್ಲಿ. ಕ್ಷೋಭೆಯಿಂದಲೇ ಹುಟ್ಟುವ ವಲಯ ಪ್ರವಾಹಗಳು ಅದೇ ಕ್ಷೋಭೆಯ ಸುಳಿಗಳನ್ನು ಹರಿದುಹಾಕಿ ಶಾಖದ ಸೋರಿಕೆಯನ್ನು ತಗ್ಗಿಸುತ್ತವೆ ಎಂಬುದನ್ನು 1998ರಲ್ಲಿ ಲಿನ್ ಮತ್ತು ಸಹವರ್ತಿಗಳು ಸಮಾಂತರ ಗಣಕಗಳಲ್ಲಿ ತೋರಿಸಿದರು.

ಅಂಚು ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಒಡಲಿನಲ್ಲಿ ಸಾಂದ್ರತೆಯ ಏರಿಳಿತ ಶೇಕಡಾ 1ರ ಆಸುಪಾಸಿನಲ್ಲಿರುವುದರಿಂದ, ಸ್ಥಿರ ಹಿನ್ನೆಲೆಯೊಂದನ್ನು ಹಿಡಿದು ಅದರ ಮೇಲಿನ ಸಣ್ಣ ಅಲೆಗಳನ್ನು ಮಾತ್ರ ಲೆಕ್ಕ ಹಾಕಬಹುದು. ಅಂಚಿನಲ್ಲಿ ಏರಿಳಿತ ಶೇಕಡಾ ಹತ್ತಾರರಷ್ಟು. ಅಲ್ಲಿ ಹಿನ್ನೆಲೆ ಯಾವುದು, ಅಲೆ ಯಾವುದು ಎಂದು ಬೇರ್ಪಡಿಸಲಾಗದು. ತಮ್ಮೊಳಗೇ ಮುಚ್ಚಿಕೊಂಡ ಕಾಂತಮೈಗಳು ಅಲ್ಲಿ ಮುಗಿದು, ಅದರಾಚೆಯ ರೇಖೆಗಳು ಹೊರಬರುವ ಶಾಖವನ್ನೂ ಕಣಗಳನ್ನೂ ಬರಮಾಡಿಕೊಳ್ಳುವ ಡೈವರ್ಟರ್ ಫಲಕಗಳಿಗೆ ಹೋಗಿ ತಾಗುತ್ತವೆ. ಗೋಡೆಯಿಂದ ಬರುವ ತಟಸ್ಥ ಪರಮಾಣುಗಳೂ ಲೆಕ್ಕಕ್ಕೆ ಸೇರಬೇಕು. ಮೇಲಾಗಿ ಕ್ಷೋಭೆ ಸಮನಾಗಿ ಹರಡದೆ, ಬಿಡಿಬಿಡಿ ಸ್ಫೋಟಗಳಾಗಿ ಹೊರಸಿಡಿಯುತ್ತದೆ. ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯ ಆದಿತ್ಯ ಟೋಕಮಾಕ್‌ನಲ್ಲಿ ಈ ಬಿಟ್ಟುಬಿಟ್ಟು ಬರುವ ಸ್ವಭಾವವನ್ನು ಅಳೆದು 1992ರಲ್ಲಿ ಪ್ರಕಟಿಸಿದ ತಂಡದಲ್ಲಿ ಭೌತವಿಜ್ಞಾನಿ ಪ್ರೆಧಿಮನ್ ಕಾವ್ ಇದ್ದರು. ಭಾರತದಿಂದ ಬಂದ ಈ ಕೆಲಸಕ್ಕೆ ಅಂಚಿನ ಅಧ್ಯಯನದ ಇತಿಹಾಸದಲ್ಲಿ ಗಟ್ಟಿಯಾದ ಸ್ಥಾನವಿದೆ.

1990ರ ದಶಕದ ಕೊನೆಗೆ ಲಿವರ್‌ಮೋರ್‌ನಲ್ಲಿ ಸಿದ್ಧವಾದ ಬೌಟ್ ಎಂಬ ಗಣಕ ಕ್ರಮವಿಧಿ, ದ್ರವ ಸಮೀಕರಣಗಳನ್ನು ನಿಜವಾದ ಡೈವರ್ಟರ್ ಆಕಾರದೊಳಗೇ ಬಿಡಿಸಿತು. ಸಿ. ಎಸ್. ಚಾಂಗ್ ಅವರ ಮುಂದಾಳತ್ವದ ಎಕ್ಸ್‌ಜಿಸಿ ಎಂಬ ಕ್ರಮವಿಧಿ ಇನ್ನೂ ಕಠಿಣ ದಾರಿ ಹಿಡಿದು, ಹಿನ್ನೆಲೆ-ಅಲೆಗಳ ವಿಭಜನೆಯನ್ನೇ ಕೈಬಿಟ್ಟು ಕೋಟ್ಯಂತರ ಗಣಕ-ಕಣಗಳನ್ನು ಗೋಡೆಯವರೆಗೂ ಹಿಂಬಾಲಿಸಿತು. ಓಕ್ ರಿಡ್ಜ್‌ನ ಟೈಟನ್ ಸೂಪರ್‌ಕಂಪ್ಯೂಟರ್‌ನಲ್ಲಿ ನಡೆದ ಈ ಲೆಕ್ಕದ ಫಲವಾಗಿ 2017ರಲ್ಲಿ ಆಸ್ಡೆಕ್ಸ್‌ನ ಒಗಟಿಗೆ ಉತ್ತರದ ಆಕಾರ ಬಂತು: ಕ್ಷೋಭೆಯೇ ತಳ್ಳಿ ಎಬ್ಬಿಸಿದ ಪ್ರವಾಹ ಮತ್ತು ಅಂಚಿನಿಂದ ಅಯಾನುಗಳು ತಪ್ಪಿಸಿಕೊಳ್ಳುವುದರಿಂದ ಏಳುವ ವಿದ್ಯುತ್ ಕ್ಷೇತ್ರ, ಇವೆರಡೂ ಜೊತೆಗೂಡಿ ಮಿಲಿಸೆಕೆಂಡಿಗೂ ಕಡಿಮೆ ಹೊತ್ತಿನಲ್ಲಿ ಕ್ಷೋಭೆಯನ್ನು ಅಡಗಿಸುತ್ತವೆ.

ಅದೇ ವರ್ಷ ಅದೇ ತಂಡ ಐಟರ್‌ನ ಡೈವರ್ಟರ್ ಮೇಲೆ ಬೀಳುವ ಶಾಖದ ಪಟ್ಟಿಯ ಅಗಲವನ್ನೂ ಲೆಕ್ಕ ಹಾಕಿತು. ಅಂದಿನ ಯಂತ್ರಗಳ ಅಳತೆಗಳನ್ನು ಹಿಗ್ಗಿಸಿ ನೋಡಿದರೆ ಅದು ಸುಮಾರು 1 ಮಿಲಿಮೀಟರ್ ಎಂದು ಬಂದಿತ್ತು. ಅಷ್ಟು ಕಿರಿದಾದ ಪಟ್ಟಿಗೆ ಒಟ್ಟಾಗಿ ಬೀಳುವ ಶಾಖವನ್ನು ಲೋಹ ತಾಳುವುದು ಕಷ್ಟ. ಎಕ್ಸ್‌ಜಿಸಿ ಕೊಟ್ಟ ಅಂಕಿ 5 ಮಿಲಿಮೀಟರಿಗೂ ಮೇಲಿತ್ತು. ಐಟರ್‌ನಷ್ಟು ದೊಡ್ಡ ಯಂತ್ರದಲ್ಲಿ ಅಯಾನುಗಳ ಪಥ ಯಂತ್ರದ ಗಾತ್ರಕ್ಕೆ ಹೋಲಿಸಿದರೆ ತೀರ ಚಿಕ್ಕದು. ಹೀಗಾಗಿ ಅಲ್ಲಿ ಶಾಖವನ್ನು ಅಗಲಕ್ಕೆ ಹರಡುವುದು ಅಯಾನುಗಳ ಸರಿದಾಟವಲ್ಲ, ಎಲೆಕ್ಟ್ರಾನ್‌ಗಳ ಕ್ಷೋಭೆ ಎಂಬುದು ಈ ಲೆಕ್ಕ ಕೊಟ್ಟ ಕಾರಣ.