ಘಾಟಿ ಹತ್ತಿ ಬಂದವರು: ವಯನಾಡಿನ ಮುಸ್ಲಿಂ ಸಮಾಜ ಮತ್ತು ಅದರ ನೆರೆಹೊರೆ

2019ರ ಲೋಕಸಭಾ ಚುನಾವಣೆಗೆ ರಾಹುಲ್ ಗಾಂಧಿ ವಯನಾಡಿನಿಂದ ನಿಲ್ಲುತ್ತಾರೆಂದು ಗೊತ್ತಾದ ಕೂಡಲೇ ಆ ಹೆಸರು ದೇಶದ ಎಲ್ಲ ಟಿ.ವಿ. ಚರ್ಚೆಗಳಿಗೂ ಬಂತು. ಅದರ ಜತೆಗೇ 'ಮುಸ್ಲಿಂ ಬಾಹುಳ್ಯದ ಪ್ರದೇಶ' ಎಂಬ ವಿಶೇಷಣವೂ ಅಂಟಿಕೊಂಡಿತು. 2011ರ ಜನಗಣತಿ ಹೇಳುವುದೇ ಬೇರೆ. ಜಿಲ್ಲೆಯ 8,17,420 ಜನರಲ್ಲಿ ಹಿಂದೂಗಳು ಶೇ. 49.48, ಮುಸ್ಲಿಮರು ಶೇ. 28.65, ಕ್ರೈಸ್ತರು ಶೇ. 21.34. ಪರಿಶಿಷ್ಟ ಪಂಗಡದವರು ಶೇ. 18.5ರಷ್ಟಿದ್ದು, ಕೇರಳದ ಬೇರಾವ ಜಿಲ್ಲೆಯಲ್ಲೂ ಈ ಪ್ರಮಾಣ ಇಷ್ಟಿಲ್ಲ. ಗೊಂದಲ ಹುಟ್ಟಿದ್ದು ಲೋಕಸಭಾ ಕ್ಷೇತ್ರವನ್ನೂ ಜಿಲ್ಲೆಯನ್ನೂ ಒಂದೇ ಎಂದುಕೊಂಡಿದ್ದರಿಂದ. 2009ರಲ್ಲಿ ಮೊದಲ ಚುನಾವಣೆ ಕಂಡ ಈ ಕ್ಷೇತ್ರದ ಏಳು ವಿಧಾನಸಭಾ ಭಾಗಗಳಲ್ಲಿ ಮೂರು ಮಾತ್ರ ವಯನಾಡಿನವು. ತಿರುವಂಬಾಡಿ ಕೋಳಿಕ್ಕೋಡಿನದು. ಏರನಾಡು, ನಿಲಂಬೂರು, ವಂಡೂರು ಘಾಟಿಯ ಕೆಳಗಿನ ಮಲಪ್ಪುರಂ ಜಿಲ್ಲೆಯವು, ಅದು ಕೇರಳದ ಏಕೈಕ ಮುಸ್ಲಿಂ ಬಹುಸಂಖ್ಯಾತ ಜಿಲ್ಲೆ. ಇನ್ನು ವಯನಾಡಿನ ಮೂರು ವಿಧಾನಸಭಾ ಸ್ಥಾನಗಳಲ್ಲಿ ಮಾನಂತವಾಡಿ ಮತ್ತು ಸುಲ್ತಾನ್ ಬತ್ತೇರಿ ಪರಿಶಿಷ್ಟ ಪಂಗಡಕ್ಕೆ ಮೀಸಲು. ಇಡೀ ಕೇರಳದಲ್ಲಿ ಅಂಥ ಮೀಸಲು ಸ್ಥಾನಗಳಿರುವುದೇ ಈ ಎರಡು.

ಅಂಕಿ ಅಂಶವನ್ನು ತಿದ್ದುವುದು ಸುಲಭ. ಅದರ ಹಿಂದಿರುವ ಚರಿತ್ರೆಯ ಕಲ್ಪನೆಯನ್ನು ತಿದ್ದುವುದು ಅಷ್ಟು ಸುಲಭವಲ್ಲ. ವಯನಾಡಿನಲ್ಲಿ ಮುಸ್ಲಿಮರು ಎಲ್ಲಿಂದ ಬಂದರು ಎಂದು ಮೈಸೂರು ಕಡೆಯವರನ್ನು ಕೇಳಿದರೆ ಥಟ್ಟನೆ ಸಿಗುವ ಉತ್ತರ ಟಿಪ್ಪು ಸುಲ್ತಾನ್. ಊರಿನ ಹೆಸರಲ್ಲೇ ಸುಲ್ತಾನನಿದ್ದಾನಲ್ಲ! ಈ ಲೇಖನದ ವಾದ ಇದಕ್ಕೆ ವಿರುದ್ಧವಾದದ್ದು. ವಯನಾಡಿನ ಮುಸ್ಲಿಂ ಸಮಾಜ ರೂಪುಗೊಂಡದ್ದು ಘಾಟಿ ದಾರಿ, ಕಾಫಿ ಗಾಡಿ ಮತ್ತು ತೋಟದ ಕೂಲಿ ಲೈನುಗಳಲ್ಲಿ. ಮೈಸೂರಿನ ದಂಡಯಾತ್ರೆಗೆ ಆ ಕತೆಯಲ್ಲಿರುವ ಪಾತ್ರ ಸಣ್ಣದು.

ಸುಲ್ತಾನ್ ಬತ್ತೇರಿಯ ಕಲ್ಲಿನ ಬಸದಿಯಿಂದಲೇ ಶುರುಮಾಡಬಹುದು. ಗರ್ಭಗೃಹ, ಅಂತರಾಳ, ಮಹಾಮಂಟಪ, ಮುಖಮಂಟಪ ಸಾಲಾಗಿರುವ ಈ ಕಟ್ಟಡದಲ್ಲಿ ಗೋಡೆಯಿಂದ ಮಾಡಿನವರೆಗೆ ಎಲ್ಲವೂ ಕಗ್ಗಲ್ಲು. ವಿಜಯನಗರ ಶೈಲಿಯ ಚೌಕ ಕಂಬಗಳು, ಅವುಗಳ ಮೇಲೆ ಕಿರಿದಾಗಿ ಕೊರೆದ ಜಿನಬಿಂಬಗಳು. ಮರ ಮತ್ತು ಹೆಂಚಿನ ಇಳಿಮಾಡುಗಳ ಮಲಬಾರಿನಲ್ಲಿ ಇದು ಘಟ್ಟದ ಮೇಲಿನಿಂದ ಬಂದ ಕಟ್ಟಡವೆಂದು ನೋಡಿದೊಡನೆ ಹೊಳೆಯುತ್ತದೆ. ಟಿಪ್ಪುವಿನ ಸೇನೆ ಇದನ್ನು ಮದ್ದುಗುಂಡಿನ ಕೋಠಿಯಾಗಿ ಬಳಸಿತು. ಗಣಪತಿವಟ್ಟಂ ಎಂದಿದ್ದ ಊರನ್ನು ಇಂಗ್ಲಿಷರು ತಮ್ಮ ಕಡತಗಳಲ್ಲಿ 'ಸುಲ್ತಾನ್ಸ್ ಬ್ಯಾಟರಿ' ಎಂದು ಬರೆದುಕೊಂಡರು, ಅದೇ ನಿಂತಿತು. ಊರಿಗೆ ಹೆಸರು ಕೊಟ್ಟ ಕಟ್ಟಡವೇ ಜೈನರದು. ಹೆಸರು ಕೊಟ್ಟ ಸೇನೆ ಹೊರಟುಹೋಯಿತು. ಅಲ್ಲೇ ಉಳಿದು ಮಸೀದಿ ಕಟ್ಟಿ, ಅಂಗಡಿ ತೆರೆದು, ಮಕ್ಕಳ ಮದುವೆ ಮಾಡಿಸಿದ ಸಮಾಜವನ್ನು ಆ ಸೇನೆಯ ಲೆಕ್ಕಕ್ಕೆ ಬರೆಯಲು ಆಧಾರ ಸಾಲದು. ಇಂದಿನ ವಯನಾಡಿನ ಮುಸ್ಲಿಮರಲ್ಲಿ ಬಹುಪಾಲು ಮಲಯಾಳಂ ಮಾತಾಡುವ, ಶಾಫಿ ಪಂಥದ ಮಾಪಿಳ್ಳೆಗಳು. ಶ್ರೀರಂಗಪಟ್ಟಣದ ಉರ್ದು, ದಖನಿ ಪರಂಪರೆಯ ವಾರಸುದಾರರು ಇವರಲ್ಲ.

ಘಟ್ಟದ ಮೇಲಿನ ನಂಟು ಟಿಪ್ಪುವಿಗಿಂತ ಬಹಳ ಹಳೆಯದು. ಮೈಸೂರು ಸೀಮೆಯ ಶಾಸನಗಳು 'ಬಯಲ್ನಾಡು' ಎನ್ನುವುದು ಈ ಸೀಮೆಯನ್ನೇ ಎಂದು ಬಿ.ಎಲ್. ರೈಸ್ ಗುರುತಿಸಿದ್ದರು. ಹೊಯ್ಸಳ ವಿಷ್ಣುವರ್ಧನನ ಗೆಲುವುಗಳ ಪಟ್ಟಿಯಲ್ಲಿ ಅದೂ ಇದೆ. ವಯನಾಡಿನ ಜೈನರು ಕರ್ನಾಟಕ ಮೂಲದವರು, ಇಂದಿಗೂ ಗೌಡರೆಂದೇ ಕರೆಸಿಕೊಳ್ಳುತ್ತಾರೆ. ಮಲಯಾಳಂ ಪತ್ರಿಕೋದ್ಯಮ ಮತ್ತು ರಾಜಕಾರಣದಲ್ಲಿ ದೊಡ್ಡ ಹೆಸರಾದ ಎಂ.ಪಿ. ವೀರೇಂದ್ರಕುಮಾರ್ (1936–2020) ಕಲ್ಪೆಟ್ಟದ ಇಂಥ ತೋಟಗಾರ ಮನೆತನದವರು, ಪದ್ಮಪ್ರಭ ಗೌಡರ ಮಗ. ಕಾಟ್ಟುನಾಯ್ಕರ ಮತ್ತು ಬೆಟ್ಟಕುರುಬರ ಮಾತು ಕನ್ನಡಕ್ಕೆ ಹತ್ತಿರ. ನಾಗರಹೊಳೆಯ ಜೇನುಕುರುಬರು ಕಾಟ್ಟುನಾಯ್ಕರ ಹಾಡಿಗೆ ಬಂದರೆ ಮಾತಿಗೆ ದುಭಾಷಿ ಬೇಕಾಗುವುದಿಲ್ಲ.

ಮಾಪಿಳ್ಳೆಗಳು ವಯನಾಡಿನ ರಾಜಕೀಯ ಚರಿತ್ರೆಯಲ್ಲಿ ಸ್ಪಷ್ಟವಾಗಿ ಕಾಣಿಸಿಕೊಳ್ಳುವುದು ಟಿಪ್ಪು ಸತ್ತ ಮೇಲೆ, ಅದೂ ಒಬ್ಬ ಹಿಂದೂ ಅರಸನ ಪಕ್ಷದಲ್ಲಿ. ಕೋಟ್ಟಯಂ ಅರಮನೆಯ ಕೇರಳವರ್ಮ ಪಳಶ್ಶಿರಾಜ ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ನಡೆಸಿದ ಕಾಡಿನ ಯುದ್ಧದಲ್ಲಿ ನಾಯರ್ ಸರದಾರ ಎಡಚ್ಚನ ಕುಂಙನ್ ಇದ್ದ, ಕುರಿಚ್ಯ ಬಿಲ್ಲುಗಾರರ ನಾಯಕ ತಲಯ್ಕಲ್ ಚಂದು ಇದ್ದ. ಘಾಟಿಯ ಕೆಳಗಿನಿಂದ ಅತ್ತನ್ ಗುರುಕ್ಕಳ್, ಉಣ್ಣಿ ಮೂಸ ಮೂಪ್ಪನ್‌ರಂಥ ಮಾಪಿಳ್ಳೆ ಮುಖಂಡರೂ ಕಂಪನಿಯ ವಿರುದ್ಧ ಆ ಕೂಟಕ್ಕೆ ಸೇರಿದ್ದರು. 1802ರ ಅಕ್ಟೋಬರಿನಲ್ಲಿ ಕುಂಙನ್ ಮತ್ತು ಚಂದು ಪನಮರಂ ಠಾಣೆಯನ್ನು ಹೊಡೆದರು. 1805ರ ನವೆಂಬರ್ 30ರಂದು ಪುಲ್ಪಳ್ಳಿಯ ಹತ್ತಿರ, ಮೈಸೂರಿನ ಗಡಿಗೆ ತಾಗಿದ ಮಾವಿಲತೋಡಿನಲ್ಲಿ ಪಳಶ್ಶಿ ಸತ್ತ. ಮಾನಂತವಾಡಿಯಲ್ಲಿ ಸಮಾಧಿಯಾಯಿತು. ಈ ಮೈತ್ರಿಯನ್ನು ಇಂದಿನ ಕೋಮು ಸೌಹಾರ್ದದ ಭಾಷೆಯಲ್ಲಿ ಹೊಗಳುವವರಿದ್ದಾರೆ. ನನಗೆ ಅದು ಅಷ್ಟಾಗಿ ಒಪ್ಪಿಗೆಯಿಲ್ಲ. ಕಂಪನಿಯ ಕಂದಾಯ ಎಲ್ಲರ ಕೊರಳಿಗೂ ಬಿಗಿದಿತ್ತು. ಕೂಡಿಸಿದ್ದು ಕಂದಾಯವೇ ಹೊರತು ಸರ್ವಧರ್ಮ ಸಮಭಾವವಲ್ಲ. ಆದರೂ ವಯನಾಡಿನ ಮಾಪಿಳ್ಳೆಯನ್ನು ಸುಲ್ತಾನನ ನೆರಳೆಂದು ಬರೆಯುವವರು ಈ ಹೆಸರುಗಳನ್ನು ದಾಟಿ ಹೋಗುವಂತಿಲ್ಲ.

ಮುಖ್ಯ ಕತೆಯಿರುವುದು ಘಾಟಿಗಳಲ್ಲಿ. ಕರಾವಳಿಯಿಂದ ವಯನಾಡಿಗೆ ಹತ್ತಲು ಹಲವು ಘಾಟಿ ದಾರಿಗಳಿವೆ. ಪೇರಿಯ ಮತ್ತು ಕುಟ್ಟಿಯಾಡಿ ಘಾಟಿಗಳು ತಲಶ್ಶೇರಿ, ವಡಗರದ ಉತ್ತರ ಮಲಬಾರಿಗೆ ಇಳಿಯುತ್ತವೆ. ತಾಮರಶ್ಶೇರಿ ಘಾಟಿ ಒಂಬತ್ತು ಹಿಮ್ಮುರಿ ತಿರುವುಗಳಲ್ಲಿ ಕೋಳಿಕ್ಕೋಡು, ಏರನಾಡಿನ ಕಡೆಗೆ ಇಳಿಯುತ್ತದೆ. ಯಾವ ಘಾಟಿಯಿಂದ ಬಂದರು ಎಂಬುದರ ಮೇಲೆ ಕುಟುಂಬದ ರೀತಿ, ಮಾತಿನ ರಾಗ, ನೆಂಟಸ್ತಿಕೆಯ ದಿಕ್ಕು ನಿಂತಿದೆ. ಮಾನಂತವಾಡಿ ಕಡೆಯ ಮನೆಗಳ ನೆಂಟರು ಕಣ್ಣೂರು, ತಲಶ್ಶೇರಿಯತ್ತ. ವೈತ್ತಿರಿ, ಕಲ್ಪೆಟ್ಟ, ಮೇಪ್ಪಾಡಿಯವರ ನೆಂಟರು ಕೋಳಿಕ್ಕೋಡು, ಮಲಪ್ಪುರಂ ಕಡೆ. ತಾಮರಶ್ಶೇರಿ ಘಾಟಿಯ ತುದಿಯಲ್ಲಿ, ಲಕ್ಕಿಡಿಯಲ್ಲಿ ಸಂಕೋಲೆ ಬಿಗಿದ ಮರವೊಂದಿದೆ. ದಾರಿ ತೋರಿಸಿದ ಪಣಿಯ ಯುವಕ ಕರಿಂತಂಡನನ್ನು ಇಂಗ್ಲಿಷ್ ಎಂಜಿನಿಯರ್ ಕೊಂದ, ಕಾಟ ಕೊಡತೊಡಗಿದ ಅವನ ಆತ್ಮವನ್ನು ಆ ಮರಕ್ಕೆ ಕಟ್ಟಿಹಾಕಿದರು ಎಂಬುದು ಐತಿಹ್ಯ. ದಾಖಲೆ ಇರಲಿ ಬಿಡಲಿ, ಘಾಟಿ ಹತ್ತಿ ಬಂದವರ ಚರಿತ್ರೆ ಯಾರ ಹೆಣದ ಮೇಲೆ ಶುರುವಾಯಿತೆಂದು ಆದಿವಾಸಿಗಳು ನೆನಪಿಟ್ಟುಕೊಂಡ ಬಗೆ ಅದು.

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಕಾಫಿ ಬಂತು. ಕೂಲಿಗಳು ಮೈಸೂರು ಸೀಮೆಯಿಂದ, ತಮಿಳುನಾಡಿನಿಂದ ಬಂದರು. ಆರಂಭದ ಕಾಫಿ ತೋಟಗಳಲ್ಲಿ ಕನ್ನಡ ಕೂಲಿಗಳ ಗುಂಪುಗಳು ದೊಡ್ಡವಿದ್ದವು. ಮಾಪಿಳ್ಳೆಗಳು ಬಂದದ್ದು ಬಹುಮಟ್ಟಿಗೆ ಗಾಡಿ ಹೊಡೆಯಲು, ಮರ ಕಡಿಯಲು, ಅಕ್ಕಿ, ಉಪ್ಪು, ಒಣಮೀನು ಮಾರಲು. ಎಲೆರೋಗ ಬಂದು 1870ರ ದಶಕದಿಂದ ಕಾಫಿ ಕುಸಿಯಿತು. ಮುಂದೆ ವೈತ್ತಿರಿ, ಮೇಪ್ಪಾಡಿಯ ಗುಡ್ಡಗಳಲ್ಲಿ ಚಹಾ ಎದ್ದಿತು. ದೊರೆಗಳು ಬದಲಾದರೂ ಅಂಗಡಿ ಉಳಿಯಿತು. ನಮ್ಮ ಕಡೆ 'ಕಾಕಾ ಅಂಗಡಿ' ಎಂದು ಕರೆಯುವ ಸಣ್ಣ ಬಂಡವಾಳದ, ಸಾಲದ ಪುಸ್ತಕ ಇಟ್ಟುಕೊಂಡ, ಬೆಳಗಿನ ಚಹಾದಿಂದ ರಾತ್ರಿಯ ಬೀಡಿಯವರೆಗೆ ಎಲ್ಲವೂ ಸಿಗುವ ಆ ಅಂಗಡಿಯೇ ತೋಟ ಮತ್ತು ಪೇಟೆಯ ನಡುವಿನ ಕೊಂಡಿ.

ಹಳೆಯ ಮಸೀದಿಗಳು ಬೆರಳೆಣಿಕೆಯಷ್ಟು. ವಾರಾಂಬೆಟ್ಟದ ಜುಮಾ ಮಸೀದಿ ಜಿಲ್ಲೆಯಲ್ಲೇ ಅತಿ ಹಳೆಯದೆಂಬ ಪ್ರತೀತಿಯಿದೆ. ಮಾನಂತವಾಡಿ ತಾಲೂಕಿನ ಕೋರೋಮ್ ಮಸೀದಿ ಮರಗೆತ್ತನೆಗೆ ಹೆಸರಾಗಿದೆ. ಅಲ್ಲಿನ ಕೆಲಸದ ರೀತಿ ಘಾಟಿಯ ಕೆಳಗಿನ ದೇಗುಲಗಳ, ತರವಾಡುಗಳ ಮರಗೆಲಸಕ್ಕೆ ತೀರ ಹತ್ತಿರ. ಕೊಲ್ಲಿ ದೇಶಗಳ ದುಡ್ಡು ಬಂದ ಮೇಲೆ ಎದ್ದ ಗುಮ್ಮಟ, ಮಿನಾರುಗಳ ಕಾಂಕ್ರೀಟ್ ಮಸೀದಿಗಳ ಎದುರು ಇವು ಬೇರೆಯೇ ಕಾಲದವಾಗಿ ಕಾಣುತ್ತವೆ.

ಅಂಕಿಗಳಿಗೆ ಬರೋಣ. ಇಂದಿನ ಜಿಲ್ಲೆಯ ಪ್ರದೇಶದಲ್ಲಿ 1901ರಲ್ಲಿ ಇದ್ದವರು 75,149 ಜನ. 1941ರಲ್ಲಿ 1,06,350. ನಲವತ್ತು ವರ್ಷದಲ್ಲಿ ಇಷ್ಟೇ ಏರಿಕೆ, ಕಾರಣ ಮಲೇರಿಯಾ. ವಯನಾಡಿನ ಜ್ವರಕ್ಕೆ ಹೆದರಿ ಕೆಳಗಿನವರು ಹೆಣ್ಣು ಕೊಡಲೂ ಹಿಂಜರಿಯುತ್ತಿದ್ದ ಕಾಲ ಅದು. ಎರಡನೆಯ ಮಹಾಯುದ್ಧದ ನಂತರ ಡಿ.ಡಿ.ಟಿ. ಬಂತು, ಅಂಬಲವಯಲಿನ ಸುತ್ತ ಮಾಜಿ ಸೈನಿಕರ ವಸಾಹತು ಬಂತು, ತಿರುವಾಂಕೂರಿನಿಂದ ಸಿರಿಯನ್ ಕ್ರೈಸ್ತ ಕೃಷಿಕರು ಗುಂಪುಗುಂಪಾಗಿ ಬಂದರು. 1951ರಲ್ಲಿ 1,69,280 ಇದ್ದ ಜನಸಂಖ್ಯೆ 1981ಕ್ಕೆ 5,54,026 ಆಯಿತು. ಇದರ ನಡುವೆ, 1980ರ ನವೆಂಬರ್ 1ರಂದು, ಕೋಳಿಕ್ಕೋಡು ಮತ್ತು ಕಣ್ಣೂರಿನ ಭಾಗಗಳನ್ನು ಕೂಡಿಸಿ ಜಿಲ್ಲೆ ರಚಿಸಲಾಯಿತು. ಇಂದಿನ ಮುಸ್ಲಿಂ ಕುಟುಂಬಗಳಲ್ಲೂ ಅನೇಕವು ಈ ಕಾಲದಲ್ಲೇ ಮಲೆ ಏರಿದವು.

ವಯನಾಡಿನ ಬಹುಧರ್ಮೀಯ ಬಾಳ್ವೆಯನ್ನು ಕುರಿತ ಬರಹಗಳು ಸಾಮಾನ್ಯವಾಗಿ ಎಡವುವುದು ಇಲ್ಲಿ. ಹಿಂದೂ, ಮುಸ್ಲಿಂ, ಕ್ರೈಸ್ತ ಎಂದು ಮೂರು ಪಾಲು ಮಾಡಿ ತಕ್ಕಡಿ ಸಮವಾಗಿದೆ ಎನ್ನುವುದು ರೂಢಿ. ನೆಲದ ಪ್ರಶ್ನೆ ಬಂದಾಗ ಈ ಮೂವರೂ ಒಂದೇ ಕಡೆ, ಅವರು ವಲಸಿಗರು ಮತ್ತು ಜಮೀನ್ದಾರರು. ಇನ್ನೊಂದು ಕಡೆ ಪಣಿಯರು, ಅಡಿಯರು, ಕಾಟ್ಟುನಾಯ್ಕರು. ಪಣಿಯರನ್ನೂ ಅಡಿಯರನ್ನೂ ವಳ್ಳಿಯೂರ್ಕಾವಿನ ಜಾತ್ರೆಯಲ್ಲಿ ದೇವಿಯೆದುರು ವರ್ಷದ ಜೀತಕ್ಕೆ ಒಪ್ಪಿಸಿಕೊಳ್ಳುವ ಪದ್ಧತಿಯಿತ್ತು. ಆದಿವಾಸಿಗಳ ಕೈತಪ್ಪಿದ ಭೂಮಿಯನ್ನು ಮರಳಿಸಲು ಕೇರಳ 1975ರಲ್ಲೇ ಕಾಯ್ದೆ ಮಾಡಿತು. ಅದು ದಶಕಗಳ ಕಾಲ ಜಾರಿಯಾಗಲಿಲ್ಲ. ಜಾರಿಯಾಗಬಾರದೆಂಬ ವಿಷಯದಲ್ಲಿ ಎಲ್ಲ ಧರ್ಮಗಳ ಕೃಷಿಕರಲ್ಲೂ, ಎಲ್ಲ ಪಕ್ಷಗಳಲ್ಲೂ ಅಪೂರ್ವ ಒಮ್ಮತವಿತ್ತು. 2003ರ ಫೆಬ್ರವರಿ 19ರಂದು ಸಿ.ಕೆ. ಜಾನು ಮುಂದಾಳತ್ವದ ಮುತ್ತಂಗದ ಭೂಹೋರಾಟದ ಮೇಲೆ ಪೊಲೀಸರು ಗುಂಡು ಹಾರಿಸಿದ್ದು ಈ ಒಮ್ಮತದ ಹಿನ್ನೆಲೆಯಲ್ಲೇ. ಸೌಹಾರ್ದವನ್ನು ಅಳೆಯುವಾಗ ಯಾರ ಯಾರ ನಡುವಿನದು ಎಂದು ಕೇಳಬೇಕಾಗುತ್ತದೆ.

ಸಂಸ್ಥೆಗಳ ವಿಚಾರದಲ್ಲಿ ಮುಸ್ಲಿಂ ಸಮಾಜ ಕರಾವಳಿಯ ಮಾದರಿಯನ್ನೇ ಹಿಡಿದಿದೆ. ಪ್ರತಿ ಜುಮಾ ಮಸೀದಿಯ ಸುತ್ತ ಒಂದು ಮಹಲ್ಲು, ನಮ್ಮ ಕಡೆಯವರು ಜಮಾತ್ ಎನ್ನುವಂಥದ್ದು. ಮದುವೆ, ಮರಣ, ಮದರಸ, ಜಕಾತ್, ಜಗಳದ ರಾಜಿ ಎಲ್ಲ ಅದರ ಪುಸ್ತಕದಲ್ಲಿ ದಾಖಲಾಗುತ್ತದೆ. ಹೆಚ್ಚಿನ ಮಹಲ್ಲುಗಳು ಸುನ್ನಿ ಸಂಘಟನೆಗಳ ಜತೆ, ಕೆಲವು ಸುಧಾರಣಾವಾದಿ ಮುಜಾಹಿದ್ ಧಾರೆಯ ಜತೆ. ವಯನಾಡಿನದೇ ಮುದ್ರೆಯಿರುವ ಸಂಸ್ಥೆಯೆಂದರೆ 1967ರಲ್ಲಿ ಶುರುವಾದ ಮುಟ್ಟಿಲಿನ ವಯನಾಡ್ ಮುಸ್ಲಿಂ ಅನಾಥಾಲಯ. ಅನಾಥ ಮಕ್ಕಳ ಆಶ್ರಯವಾಗಿ ಆರಂಭವಾದದ್ದು ಶಾಲೆ, ಕಾಲೇಜುಗಳವರೆಗೆ ಬೆಳೆಯಿತು. ಇದರ ಸಾಮೂಹಿಕ ವಿವಾಹಗಳಲ್ಲಿ ಬೇರೆ ಧರ್ಮದ ಬಡ ಜೋಡಿಗಳೂ ತಮ್ಮ ತಮ್ಮ ವಿಧಿಯಂತೆ ಮದುವೆಯಾಗುತ್ತಾರೆ. ವರದಕ್ಷಿಣೆಯ ಹೊರೆಯಿರುವ ನಾಡಿನಲ್ಲಿ ಇದಕ್ಕೆ ಭಾಷಣಕ್ಕಿಂತ ಹೆಚ್ಚಿನ ತೂಕವಿದೆ.

ತೋಟದ ಪಾಡಿ, ಅಂದರೆ ಕೂಲಿ ಲೈನು, ಬೇರೆ ಬಗೆಯ ನೆರೆಹೊರೆಯನ್ನು ಕಟ್ಟಿತು. ಒಂದೇ ಮಾಡಿನ ಕೆಳಗೆ, ಒಂದೇ ಗೋಡೆಯ ಆಚೀಚೆ ತಮಿಳು ದಲಿತರು, ಮಾಪಿಳ್ಳೆಗಳು, ಕ್ರೈಸ್ತರು. ನೀರಿನ ನಲ್ಲಿ ಒಂದು, ತೂಕದ ಶೆಡ್ಡು ಒಂದು, ಯೂನಿಯನ್ ಸಭೆ ಒಂದು. 2024ರ ಜುಲೈ 30ರ ನಡುರಾತ್ರಿ ಮೇಪ್ಪಾಡಿ ಪಂಚಾಯಿತಿಯ ಮುಂಡಕ್ಕೈ, ಚೂರಲ್‌ಮಲ ಗುಡ್ಡ ಕುಸಿತದಲ್ಲಿ 250ಕ್ಕೂ ಹೆಚ್ಚು ಜನ ಸತ್ತಾಗ ಈ ಸಮಾಜ ಹೊರಗಿನವರ ಕಣ್ಣಿಗೆ ಬಿತ್ತು. ಸತ್ತವರಲ್ಲಿ ಚಾಮರಾಜನಗರ ಜಿಲ್ಲೆಯ ಮೂಲದವರೂ ಇದ್ದರು. ಗುರುತು ಸಿಗದ ದೇಹಗಳನ್ನೂ ದೇಹದ ತುಂಡುಗಳನ್ನೂ ಪುತ್ತುಮಲದಲ್ಲಿ, ಚಹಾ ತೋಟದ ಜಾಗದಲ್ಲಿ ಸಾಲಾಗಿ ಹೂತರು. ಇದೇ ಪುತ್ತುಮಲ 2019ರ ಆಗಸ್ಟಿನಲ್ಲಿ ಇನ್ನೊಂದು ಕುಸಿತವನ್ನು ಕಂಡಿತ್ತು. ಪ್ರತಿ ಗುಂಡಿಯ ತಲೆಗೆ ಡಿ.ಎನ್.ಎ. ಮಾದರಿಯ ಸಂಖ್ಯೆ ಬರೆದ ಕಲ್ಲು. ಯಾರ ಧರ್ಮ ಯಾವುದೆಂದು ಗೊತ್ತಿಲ್ಲದ್ದರಿಂದ ಪುರೋಹಿತರು, ಪಾದ್ರಿಗಳು, ಉಸ್ತಾದರು ಸರದಿಯಲ್ಲಿ ಪ್ರಾರ್ಥಿಸಿದರು. ಆಮೇಲೆ ಡಿ.ಎನ್.ಎ. ಹೊಂದಿಕೆಯಾದಾಗ ಕಲ್ಲಿನ ಮೇಲೆ ಹೆಸರು ಬಂತು.

ಕರ್ನಾಟಕದ ಗಡಿಯ ಕಡೆಗೆ ಹೊರಳಿದರೆ ವಲಸೆಯ ದಿಕ್ಕು ತಿರುಗಿದೆ. ಈಗ ವಯನಾಡಿನವರು ಘಟ್ಟದ ಮೇಲಿನ ಬಯಲಿಗೆ ಬರುತ್ತಿದ್ದಾರೆ. ಎಚ್.ಡಿ. ಕೋಟೆ, ಗುಂಡ್ಲುಪೇಟೆ, ಕೊಡಗಿನಲ್ಲಿ ಹೊಲ ಗುತ್ತಿಗೆ ಹಿಡಿದು ಶುಂಠಿ ಬೆಳೆಯುವ ಮಲಯಾಳಿಗಳಲ್ಲಿ ಮಾಪಿಳ್ಳೆಗಳೂ ಕ್ರೈಸ್ತರೂ ಇದ್ದಾರೆ, ಅವರ ಜತೆ ಕೂಲಿಗೆ ಬರುವವರಲ್ಲಿ ಪಣಿಯರಿದ್ದಾರೆ. ಒಂದೇ ಹೊಲದಲ್ಲಿ ವರ್ಷವರ್ಷವೂ ಶುಂಠಿ ಹಾಕಲಾಗದು, ಕೊಳೆರೋಗ ಬರುತ್ತದೆ. ಹಾಗಾಗಿ ಗುತ್ತಿಗೆಯವರು ಊರಿಂದೂರಿಗೆ ಸರಿಯುತ್ತಾರೆ. ನೆಲಕ್ಕೆ ಸುರಿದ ರಾಸಾಯನಿಕದ ಲೆಕ್ಕ ಮಾತ್ರ ಹೊಲದೊಡೆಯನ ಪಾಲಿಗೆ. ಕಬಿನಿಯ ಈ ದಡದಲ್ಲಿರುವ ಎಚ್.ಡಿ. ಕೋಟೆ ತಾಲೂಕಿನ ಬೈರಕುಪ್ಪೆಯವರಿಗೆ ತಾಲೂಕು ಕೇಂದ್ರ ಕಾಡಿನಾಚೆ ದೂರ. ಆಸ್ಪತ್ರೆ, ಪೇಟೆ ಬೇಕಾದರೆ ದೋಣಿ ಹತ್ತಿ ಪೆರಿಕ್ಕಲ್ಲೂರು, ಮರಕ್ಕಡವಿಗೆ ದಾಟಿ ಪುಲ್ಪಳ್ಳಿಗೆ ಹೋಗುತ್ತಾರೆ. ಇಲ್ಲಿ ಸೇತುವೆಯ ಮಾತು ದಶಕಗಳಿಂದ ಕೇಳುತ್ತಲೇ ಇದೆ. ಬಂಡೀಪುರದ ಮೂಲಕ ಹೋಗುವ ರಾಷ್ಟ್ರೀಯ ಹೆದ್ದಾರಿ 766ರಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರ ನಿಷೇಧವಿದೆ. ಗುಂಡ್ಲುಪೇಟೆಯ ತರಕಾರಿ ಬತ್ತೇರಿ, ಕೋಳಿಕ್ಕೋಡಿನ ಮಂಡಿಗೆ ಬೆಳಗಿನೊಳಗೆ ಸೇರಬೇಕಾದರೆ ಲಾರಿ ಗೇಟು ಮುಚ್ಚುವ ಮೊದಲೇ ಕಾಡು ದಾಟಬೇಕು. ಹುಲಿಯ ಹೆಸರಲ್ಲಿ ನಿಷೇಧವನ್ನು ಸಮರ್ಥಿಸುವ ಮೈಸೂರು, ಬೆಂಗಳೂರಿನ ಪರಿಸರವಾದಿಗಳೂ ಹೊಟ್ಟೆಪಾಡಿನ ಹೆಸರಲ್ಲಿ ವಿರೋಧಿಸುವ ಬತ್ತೇರಿಯ ವ್ಯಾಪಾರಿಗಳೂ ತಂತಮ್ಮ ವಾದಗಳನ್ನು ನ್ಯಾಯಾಲಯದ ಮುಂದಿಟ್ಟಿದ್ದಾರೆ. ಆ ವಿವಾದದಲ್ಲಿ ಬತ್ತೇರಿಯ ಮುಸ್ಲಿಂ ವ್ಯಾಪಾರಿ, ಕ್ರೈಸ್ತ ಬೆಳೆಗಾರ, ಜೈನ ತೋಟಗಾರ ಎಲ್ಲರೂ ಒಂದೇ ಅರ್ಜಿಯ ಹಿಂದಿದ್ದಾರೆ, ಗುಂಡ್ಲುಪೇಟೆಯ ಲಿಂಗಾಯತ ತರಕಾರಿ ರೈತನ ಲಾಭವೂ ಅವರ ಕಡೆಗೇ ಇದೆ.