ತೊಗಟೆಯ ದೋಣಿಯಲ್ಲಿ ಮೂವತ್ತು ದಿನ: 1634ರ ಒಂದು ನದೀಯಾನ

ಧರ್ಮಪ್ರಚಾರದ ಇತಿಹಾಸವನ್ನು ಬೋಧಿಸುವ ನಾವು ರಕ್ತಸಾಕ್ಷಿಗಳ ಮರಣವನ್ನು ವಿಸ್ತಾರವಾಗಿ ವರ್ಣಿಸುತ್ತೇವೆ; ಅವರು ಆ ನೆಲವನ್ನು ತಲುಪಿದ ಬಗೆಯನ್ನು ಮಾತ್ರ ಒಂದೇ ವಾಕ್ಯದಲ್ಲಿ ಮುಗಿಸುತ್ತೇವೆ. 1649ರಲ್ಲಿ ಕೆನಡಾದಲ್ಲಿ ರಕ್ತಸಾಕ್ಷಿಯಾದ ಯೇಸುಸಭೆಯ ಸಂತ ಜಾನ್ ದ ಬ್ರೆಬೆಫ್ ಅವರ ವಿಷಯದಲ್ಲಿ ಇದು ದೊಡ್ಡ ನಷ್ಟವೇ ಸರಿ.

1634ರ ಜುಲೈ 7ರಂದು ಅವರು ಸೇಂಟ್ ಲಾರೆನ್ಸ್ ನದಿಯ ದಡದಲ್ಲಿರುವ ತ್ರುವಾ-ರಿವಿಯೇರ್ ಎಂಬಲ್ಲಿಂದ ಹೊರಟರು. ಒಟ್ಟಾವಾ ನದಿಯನ್ನು ಪ್ರವಾಹಕ್ಕೆದುರಾಗಿ ಏರಿ, ನಿಪಿಸಿಂಗ್ ಸರೋವರವನ್ನು ದಾಟಿ, ಆಗಸ್ಟ್ 5ರಂದು, ಹಿಮಮಾತೆಯ ಹಬ್ಬದ ದಿನ, ಜಾರ್ಜಿಯನ್ ಕೊಲ್ಲಿಯ ತೀರ ಸೇರಿದರು. ಬರ್ಚ್ ಮರದ ತೊಗಟೆಯ ಆ ಹಗುರ ದೋಣಿಗಳು ವೆಂಡಾಟ್ ಜನರವು. ಫ್ರೆಂಚರು ಅವರನ್ನು ಹ್ಯೂರನ್ನರು ಎಂದು ಕರೆಯುತ್ತಿದ್ದರು. ನೀರು ಬಂಡೆಗಳ ನಡುವೆ ಧುಮ್ಮಿಕ್ಕುವಲ್ಲಿ ದೋಣಿಯನ್ನೂ ಗಂಟುಮೂಟೆಗಳನ್ನೂ ಹೆಗಲ ಮೇಲೆ ಹೊತ್ತು ಕಾಡುದಾರಿಯಲ್ಲಿ ನಡೆಯಬೇಕಿತ್ತು. ಬ್ರೆಬೆಫ್ ಅಂತಹ 35 ಎಡೆಗಳನ್ನು ಎಣಿಸಿದ್ದಾರೆ. ನೀರಿಗಿಳಿದು ದೋಣಿಯನ್ನು ಎಳೆದದ್ದು ಕನಿಷ್ಠ 50 ಬಾರಿ. ಕಲ್ಲುಗಳ ನಡುವೆ ಅರೆದ ಮುಸುಕಿನ ಜೋಳದ ಗಂಜಿಯೇ ಆಹಾರ. ಜಪಪುಸ್ತಕ ತೆರೆಯಲು ಬಿಡುವು ದೊರೆಯುತ್ತಿದ್ದುದು ರಾತ್ರಿ ಮಲಗುವ ವೇಳೆಗೆ ಮಾತ್ರ.

ಈ ಅನುಭವದಿಂದ ಹುಟ್ಟಿದ್ದು, ತಮ್ಮ ಹಿಂದೆ ಬರಲಿದ್ದ ಗುರುಗಳಿಗೆಂದು ಅವರು ಬರೆದ, 1637ರ ವರದಿಯಲ್ಲಿ ಸೇರಿರುವ ಸೂಚನೆಗಳು. ದೋಣಿ ಹತ್ತುವಾಗ ಅವರನ್ನು ಕಾಯಿಸಬಾರದು. ನಿಲುವಂಗಿಯನ್ನು ಮೇಲಕ್ಕೆ ಕಟ್ಟಿಕೊಳ್ಳಬೇಕು. ನೀರಾಗಲಿ ಮರಳಾಗಲಿ ಒಳಗೆ ಬರಬಾರದು. ಅಗಲ ಅಂಚಿನ ಟೋಪಿಯಿಂದ ಇತರರಿಗೆ ತೊಂದರೆಯಾದರೆ ರಾತ್ರಿಯ ಕುಲಾವಿಯೇ ಲೇಸು. ಅವರ ಹೊಗೆಬತ್ತಿಗೆ ಬೆಂಕಿ ಹೊತ್ತಿಸಿಕೊಡಲು ಬಿಸಿಲುಗನ್ನಡಿಯೊಂದು ಜೊತೆಯಲ್ಲಿರಲಿ. ಕೊನೆಯವರೆಗೂ ಹುಟ್ಟು ಹಾಕುವ ಮನಸ್ಸಿಲ್ಲದಿದ್ದರೆ ಮೊದಲೇ ಹುಟ್ಟನ್ನು ಮುಟ್ಟಬಾರದು. ಈ ಕೊನೆಯದನ್ನು ನಾನು ಪ್ರತಿವರ್ಷ ತರಗತಿಯಲ್ಲಿ ಓದುತ್ತೇನೆ, ವಿದ್ಯಾರ್ಥಿಗಳು ನಗುತ್ತಾರೆ. ಫಿಲಿಪ್ಪಿಯರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯಕ್ಕೆ ಇಷ್ಟು ನೆಲಕ್ಕಂಟಿದ ವ್ಯಾಖ್ಯಾನವನ್ನು ನಾನು ಬೇರೆಲ್ಲೂ ಕಂಡಿಲ್ಲ. ಫ್ರಾನ್ಸಿನಲ್ಲಿ ದೈವಶಾಸ್ತ್ರದ ಪಂಡಿತರಾಗಿದ್ದವರು ಇಲ್ಲಿ ಒಂದು ಹೊರೆ. ಅದೂ ನೀರು ತೊಟ್ಟಿಕ್ಕುವ ಹೊರೆ.

ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಅದು ಗುರುಗಳ ಕಡೆಯ ಕಥೆ ಮಾತ್ರ. ಆ ಬೇಸಿಗೆಯಲ್ಲಿ ದಡಾರದಂಥ ಒಂದು ಸೋಂಕು ಅದೇ ನದಿಯ ಹಾದಿ ಹಿಡಿದಿತ್ತು. ದೋಣಿ ನಡೆಸಿದವರಲ್ಲಿ ಬಹುಪಾಲು ಜನ ದಾರಿಯಲ್ಲೋ ಊರು ಸೇರಿದ ಮೇಲೋ ಕಾಯಿಲೆಬಿದ್ದರೆಂದು ಬ್ರೆಬೆಫ್ ಅವರೇ ಬರೆದಿದ್ದಾರೆ. 1639-40ರ ಸಿಡುಬಿನ ಬಳಿಕ ವೆಂಡಾಟ್ ಜನಸಂಖ್ಯೆ ಸುಮಾರು ಅರ್ಧಕ್ಕೆ ಇಳಿದಿತ್ತೆಂಬುದು ಇತಿಹಾಸಕಾರರ ಅಂದಾಜು. ತುಪ್ಪಳದ ವ್ಯಾಪಾರಕ್ಕಾಗಿ ಫ್ರೆಂಚರ ಮೈತ್ರಿ ಬೇಕಿದ್ದುದರಿಂದ ಗುರುಗಳನ್ನೂ ಹತ್ತಿಸಿಕೊಂಡ ಆ ಜನರಿಗೆ, ಸೋಂಕಿನ ಮೂಲ ಈ ಕಪ್ಪು ನಿಲುವಂಗಿಯವರೇ ಇರಬೇಕೆಂಬ ಶಂಕೆ ಮುಂದೆ ಬಲವಾಯಿತು. ಅದನ್ನು ಅಜ್ಞಾನವೆಂದು ತಳ್ಳಿಹಾಕುವ ಹಳೆಯ ಪಠ್ಯಗಳ ಧಾಟಿ ನನಗೆ ಒಪ್ಪಿಗೆಯಿಲ್ಲ. ಯಾರ ದೇಹದಿಂದ ಬಂತೆಂಬುದು ಬೇರೆ ಮಾತು. ರೋಗವು ಐರೋಪ್ಯರ ಸಂಪರ್ಕದಿಂದ ಬಂದಿತ್ತೆಂಬುದರಲ್ಲಿ ಅವರು ತಪ್ಪಿರಲಿಲ್ಲ.

ಅದೇ ಬೇಸಿಗೆ ಮತ್ತೊಂದು ದೋಣಿಯಲ್ಲಿದ್ದ ಫಾದರ್ ದಾವೊಸ್ತ್ ಅವರಿಂದ ಒಂದು ಚಿಕ್ಕ ಉಕ್ಕಿನ ಬೀಸುವ ಯಂತ್ರವನ್ನೂ ಹೆಚ್ಚುಕಡಿಮೆ ಎಲ್ಲ ಪುಸ್ತಕಗಳನ್ನೂ ಎಸೆಯಿಸಿ, ಅವರನ್ನು ನಡುದಾರಿಯ ದ್ವೀಪವೊಂದರಲ್ಲಿ ಬಿಟ್ಟುಹೋದರು. ನಮ್ಮ ಪಠ್ಯಗಳು ಇದನ್ನು ದರೋಡೆಯೆನ್ನುತ್ತವೆ. ಹೆಗಲ ಮೇಲೆ ಆ ಉಕ್ಕನ್ನು 35 ಬಾರಿ ಹೊರಬೇಕಾಗಿದ್ದವರು ಅದನ್ನು ಏನೆಂದು ಕರೆದರೋ, ಬರೆದಿಟ್ಟವರಿಲ್ಲ.